ಕೆಟ್ಟ ಅಕೌಂಟ್‌ಗಳನ್ನೆಲ್ಲ ಬ್ಯಾನ್ ಮಾಡಿದ್ರೆ ಆಯ್ತಲ್ವಾ?

ಕಾಲೇಜುಗಳಲ್ಲಿ ಆನ್‌ಲೈನ್ ಕಿರುಕುಳದ ಬಗ್ಗೆ ಮಾತಾಡಲು ಹೋದಾಗಲೆಲ್ಲ ಯಾರಾದರೊಬ್ಬರು ಎದ್ದು ಕೇಳುತ್ತಾರೆ: "ಮೇಡಂ, ಬೈಯೋರು, ಸುಳ್ಳು ಹಬ್ಬಿಸೋರು, ಇವರನ್ನೆಲ್ಲ ಬ್ಯಾನ್ ಮಾಡಿದ್ರೆ ಸೋಷಿಯಲ್ ಮೀಡಿಯಾ ಸರಿ ಹೋಗಲ್ವಾ?"

ಬ್ಯಾನ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಹೆಣ್ಣುಮಗಳ ಫೋಟೋ ತಿದ್ದಿ ಹಾಕುವವನಿಗೆ, ಅವಳ ಮನೆ ವಿಳಾಸ ಹಂಚುವವನಿಗೆ ಅಲ್ಲಿ ಜಾಗ ಇರಬಾರದು. ರೆಡಿಟ್ ಅನ್ನೋ ಚರ್ಚೆಯ ವೆಬ್‌ಸೈಟ್ 2015ರಲ್ಲಿ ದ್ವೇಷ ಕಾರುವ ಕೆಲವು ಗುಂಪುಗಳನ್ನೇ ಮುಚ್ಚಿತು. ಆಮೇಲೆ ಸಂಶೋಧಕರು ಲೆಕ್ಕ ಹಾಕಿ ನೋಡಿದರೆ, ಆ ಗುಂಪುಗಳ ಎಷ್ಟೋ ಜನ ಜಾಗ ಖಾಲಿ ಮಾಡಿದ್ದರು. ಉಳಿದವರ ಬಾಯಿಯೂ ಬಹಳ ಹತೋಟಿಗೆ ಬಂದಿತ್ತು.

ಆದರೆ ಕನ್ನಡದಲ್ಲಿ ಬೈದರೆ ಬ್ಯಾನ್ ಆಗುವುದೇ ಕಷ್ಟ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಬೈಗುಳ ಬರೆದು, ನಡುವೆ ಒಂದು ಚುಕ್ಕಿ ಇಟ್ಟಿರುತ್ತಾರೆ. ಓದಿದವರಿಗೆ ಮೈ ಉರಿಯುತ್ತದೆ. ರಿಪೋರ್ಟ್ ಮಾಡಿದರೆ "ನಿಯಮ ಉಲ್ಲಂಘನೆ ಆಗಿಲ್ಲ" ಅನ್ನೋ ಉತ್ತರ. ಹುಡುಗಿಯರು ಇಂಥ ಉತ್ತರಗಳ ಸ್ಕ್ರೀನ್‌ಶಾಟ್ ತಂದು ನನಗೆ ತೋರಿಸುತ್ತಾರೆ. ಅಲ್ಲಿಗೇ ಬಿಡಬೇಡಿ ಅನ್ನುತ್ತೇನೆ. 2021ರ ಐಟಿ ನಿಯಮಗಳ ಪ್ರಕಾರ ಕಂಪನಿಯ ದೂರು ಅಧಿಕಾರಿಗೆ ಬರೆಯಬಹುದು.

ಇದೆಲ್ಲ ಸರಿಯಾದರೂ ಬ್ಯಾನ್ ಸಾಕಾಗಲ್ಲ. ನಮ್ಮ ಬೆಂಗಳೂರಿನದ್ದೇ ನೋಡಿ. ಆಟೋ ಡ್ರೈವರ್‌ಗೂ ಹಿಂದಿ ಮಾತಾಡುವ ಹುಡುಗಿಗೂ ಬಾಡಿಗೆ ವಿಷಯಕ್ಕೆ ಜಗಳ. ಯಾರೋ ಮೊಬೈಲಲ್ಲಿ ಹಿಡಿಯುತ್ತಾರೆ. ಜಗಳ ಶುರುವಾಗಿದ್ದು ಹೇಗೆ, ಮುಗಿದಿದ್ದು ಹೇಗೆ, ಎರಡೂ ವಿಡಿಯೋದಲ್ಲಿ ಇರಲ್ಲ. ದನಿ ಏರಿದ ತುಣುಕು ಮಾತ್ರ. ಒಂದು ಪೇಜ್ ಅದಕ್ಕೆ "ಕನ್ನಡ ಬರದಿದ್ರೆ ಬೆಂಗಳೂರಲ್ಲಿ ಇದೇ ಗತಿ" ಅಂತ ಹಾಕುತ್ತದೆ. ಇನ್ನೊಂದು ಪೇಜ್ ಅದೇ ತುಣುಕಿಗೆ "ನಮ್ಮೂರಿಗೆ ಬಂದು ನಮಗೇ ದಬಾಯಿಸ್ತಾರೆ" ಅಂತ ಹಾಕುತ್ತದೆ. ಸಂಜೆಯೊಳಗೆ ಸಾವಿರಾರು ಕಾಮೆಂಟು. ಬರೆದವರಲ್ಲಿ ಬ್ಯಾಂಕ್ ನೌಕರರಿದ್ದಾರೆ, ಮೇಷ್ಟ್ರುಗಳಿದ್ದಾರೆ, ಇಂಜಿನಿಯರುಗಳಿದ್ದಾರೆ. ಒಬ್ಬೊಬ್ಬರದ್ದು ಒಂದೊಂದೇ ಸಾಲು. ಬ್ಯಾನ್ ಮಾಡುವಂಥದ್ದು ಯಾವುದೂ ಅಲ್ಲ. ಎಲ್ಲ ಸೇರಿದಾಗ ಆ ಡ್ರೈವರ್ ಮರುದಿನ ಸ್ಟ್ಯಾಂಡಿಗೆ ಬರಲು ಹೆದರುತ್ತಾನೆ, ಆ ಹುಡುಗಿ ಆಫೀಸಿಗೆ ಹೋಗಲು ಹೆದರುತ್ತಾಳೆ. ಇಲ್ಲಿ ಯಾರನ್ನು ಬ್ಯಾನ್ ಮಾಡ್ತೀರಿ?

ಅಷ್ಟು ಜನರ ಕಣ್ಣಿಗೆ ಅದನ್ನು ಬೀಳಿಸಿದ್ದು ಅಲ್ಗಾರಿದಮ್, ಅಂದರೆ ಯಾರಿಗೆ ಯಾವ ಪೋಸ್ಟ್ ತೋರಿಸಬೇಕು ಅಂತ ಆರಿಸುವ ಕಂಪ್ಯೂಟರ್ ಲೆಕ್ಕಾಚಾರ. ಫೇಸ್‌ಬುಕ್ ಒಳಗಿನ ಕಾಗದಪತ್ರಗಳು 2021ರಲ್ಲಿ ಹೊರಬಂದಾಗ ಒಂದು ವಿಷಯ ಬಯಲಾಯಿತು. 2017ರಲ್ಲಿ ಪೋಸ್ಟಿಗೆ ಜನ ಒತ್ತುವ ಇಮೋಜಿಗಳಿಗೆ, ಸಿಟ್ಟಿನ ಮುಖಕ್ಕೂ ಸೇರಿಸಿ, ಲೈಕಿನ 5 ಪಟ್ಟು ತೂಕ ಕೊಟ್ಟಿದ್ದರು. ಸಿಟ್ಟು ಬರಿಸುವ ಪೋಸ್ಟ್ ಜಾಸ್ತಿ ಜನಕ್ಕೆ ಕಾಣುತ್ತಿತ್ತು. 2020ರಲ್ಲಿ ಸಿಟ್ಟಿನ ಮುಖದ ತೂಕವನ್ನು ಸೊನ್ನೆಗೆ ಇಳಿಸಿದರು. ಅದಕ್ಕಾಗಿ ಒಬ್ಬನನ್ನೂ ಹೊರಗೆ ಹಾಕಬೇಕಾಗಿರಲಿಲ್ಲ.

ವಾಟ್ಸಾಪ್‌ನಲ್ಲಂತೂ ಹೀಗೆ ಹಬ್ಬಿದ ಮೆಸೇಜುಗಳಿಂದ ಜೀವಗಳೇ ಹೋಗಿವೆ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರ ವದಂತಿ ಊರೆಲ್ಲ ಹಬ್ಬಿತ್ತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ. ಅಂಥ ಮೆಸೇಜ್ ಫಾರ್ವರ್ಡ್ ಮಾಡುವವರು ರೌಡಿಗಳಲ್ಲ, ಮಕ್ಕಳಿಗೆ ಏನಾಗುತ್ತೋ ಅಂತ ಹೆದರಿದ ಅಪ್ಪ ಅಮ್ಮಂದಿರು. ಆ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ 5 ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಈಗಾಗಲೇ ಕೈಯಿಂದ ಕೈಗೆ ಬಹಳ ದಾಟಿರುವ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು ಅಂತ ಬಿಗಿ ಮಾಡಿತು. ಅಂಥ ಮೆಸೇಜುಗಳ ಓಡಾಟ ಶೇ. 70ರಷ್ಟು ಇಳಿಯಿತು ಅಂತ ಕಂಪನಿಯೇ ಹೇಳಿತು.

ಜಗಳದ ವಿಡಿಯೋಗಳಿಗೂ ಇಂಥದ್ದೇ ತಡೆ ಬೇಕು. ಗಂಟೆಯೊಳಗೆ ಸಾವಿರಾರು ಶೇರ್ ಆಗುತ್ತಿರುವ ತುಣುಕನ್ನು, ಕನ್ನಡ ಬಲ್ಲವರೊಬ್ಬರು ಪೂರ್ತಿ ನೋಡುವ ತನಕ, ಕಂಡಕಂಡವರ ಫೀಡಿಗೆ ತಳ್ಳಬಾರದು. ಹಾಕಿದವರ ಪೇಜಿನಲ್ಲಿ ಅದು ಇರಲಿ, ಹುಡುಕಿಕೊಂಡು ಹೋದವರು ನೋಡಲಿ.