ಬೀಟಿಗೆ ಕೂರುವ ರಗಳೆ

ಕನ್ನಡದಲ್ಲಿ ರ‍್ಯಾಪ್ ಬರೆಯೋದು ಸುಲಭ. ತೊಂದರೆ ಇರೋದೇ ಅಲ್ಲಿ. ನಮ್ಮ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ, ಹಾಗಾಗಿ ಬರ್ತೀನಿ, ಹೋಗ್ತೀನಿ, ನೋಡ್ತೀನಿ, ಮಾಡ್ತೀನಿ ಅಂತ ಪ್ರಾಸ ತಾನಾಗಿ ಬರುತ್ತಲೇ ಇರುತ್ತದೆ, ಕರೆಯದೆ ಬರುವ ನೆಂಟರ ಹಾಗೆ. ಇಂಗ್ಲಿಷಿನಲ್ಲಿ ಬರೆಯುವವರು ಪ್ರಾಸಕ್ಕೆ ಒದ್ದಾಡಬೇಕು. ಆ ಒದ್ದಾಟದಲ್ಲೇ ಅವರಿಗೆ ಹೊಸ ಮಾತು ಹೊಳೆಯುತ್ತದೆ. ನಮಗೆ ಒದ್ದಾಟವೇ ಇಲ್ಲ. ಅದಕ್ಕೇ ಎಷ್ಟೋ ಕನ್ನಡ ರ‍್ಯಾಪ್ ಕೇಳುವಾಗ ಮುಂದಿನ ಸಾಲು ಹಾಡುವವನಿಗಿಂತ ಮೊದಲೇ ನಮಗೆ ಗೊತ್ತಾಗಿಬಿಡುತ್ತದೆ.

ನಾನು ಹಾಸನದವನು. ಹಗಲು ಒಬ್ಬ ಕಾಫಿ ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯುತ್ತೇನೆ, ರಾತ್ರಿ ಬೀಟ್, ಅಂದರೆ ಹಾಡಿನ ಹಿಂದಿನ ತಾಳ, ಮಾಡುತ್ತೇನೆ. ಲೇಬಲ್ ಇಲ್ಲ, ಮ್ಯಾನೇಜರ್ ಇಲ್ಲ. ಬೆಂಗಳೂರಿಗೆ ಯಾಕೆ ಹೋಗಲ್ಲ ಅಂತ ಎಲ್ಲರೂ ಕೇಳುತ್ತಾರೆ. ರ‍್ಯಾಪ್ ಹಾಡುವ ಚಂದನ್ ಶೆಟ್ಟಿ ನಮ್ಮ ಜಿಲ್ಲೆಯವರೇ, ಹೊರಗೆ ಹೋಗಿ ಹೆಸರು ಮಾಡಿದರು, ಖುಷಿ. ಆದರೆ ನನಗೆ ಬೇಕಾದ ಸಾಮಾನೆಲ್ಲ ಇಲ್ಲೇ ಸುತ್ತಮುತ್ತ ಬಿದ್ದಿದೆ. ಅದರಲ್ಲಿ ಮೊದಲನೆಯದು ಹೈಸ್ಕೂಲಿನ ಕನ್ನಡ ಪುಸ್ತಕದ ಕೊನೆಗೆ ಇರುತ್ತಿದ್ದ ಛಂದಸ್ಸಿನ ಪಾಠ.

ನಿಜವಾಗಿ ಹೇಳುತ್ತಿದ್ದೇನೆ. ಎಫ್‌ಎಲ್ ಸ್ಟುಡಿಯೋ ಅನ್ನುವ ಬೀಟ್ ಮಾಡುವ ಸಾಫ್ಟ್‌ವೇರ್ ತೆರೆದರೆ ಒಂದು ಸಾಲಿನಲ್ಲಿ 16 ಚೌಕ ಕಾಣುತ್ತವೆ. 1980ರಲ್ಲಿ ಬಂದ ರೋಲ್ಯಾಂಡ್ 808 ಡ್ರಮ್ ಮಷೀನಿನಲ್ಲೂ 16 ಗುಂಡಿ. ನಾಲ್ಕು ಪೆಟ್ಟು, ಒಂದೊಂದು ಪೆಟ್ಟಿಗೆ ನಾಲ್ಕು ಭಾಗ, ಒಟ್ಟು 16, ಅದು ಒಂದು ಬಾರ್. ಈಗ ಮಂದಾನಿಲ ರಗಳೆ ನೆನಪಿಸಿಕೊಳ್ಳಿ. ಮಾತ್ರೆ ಅಂದರೆ ಒಂದು ಗಿಡ್ಡ ಅಕ್ಷರ ಹೇಳುವಷ್ಟು ಹೊತ್ತು, ಗಣ ಅಂದರೆ ಮಾತ್ರೆಗಳ ಗುಂಪು. ಇದರಲ್ಲಿ ನಾಲ್ಕು ಮಾತ್ರೆಯ ಗಣ, ಸಾಲಿಗೆ ನಾಲ್ಕು ಗಣ. ಅದೂ 16! ಒಂದು ಲಘು, ಅಂದರೆ ಒಂದು ಮಾತ್ರೆಯ ಅಕ್ಷರ, ಒಂದು ಚೌಕ. ಒಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಎರಡು ಚೌಕ. ಲಘು ಗುರು ಗುರುತಿಸಿ ಪ್ರಸ್ತಾರ ಹಾಕಿದ ಹಾಗೇ ಚೌಕ ತುಂಬಿಸುತ್ತಾ ಹೋದರೆ ಫ್ಲೋ, ಅಂದರೆ ಬೀಟಿನ ಮೇಲೆ ಮಾತು ಹರಿಯುವ ರೀತಿ, ಸಿದ್ಧ. ಇನ್ನು ಟ್ರ್ಯಾಪ್ ಅನ್ನುವ ಬಗೆಯ ರ‍್ಯಾಪ್ ಹಾಡುಗಳಲ್ಲಿ ಒಂದೊಂದು ಪೆಟ್ಟಿಗೂ ಮಾತು ಮೂರು ಮೂರಾಗಿ ಉರುಳುತ್ತದಲ್ಲ, ಟ್ರಿಪ್ಲೆಟ್ ಅನ್ನುತ್ತಾರೆ, ಅದು ನಮ್ಮ ಮೂರು ಮಾತ್ರೆಯ ಉತ್ಸಾಹ ರಗಳೆಯ ಲೆಕ್ಕವೇ. ಆರು ಸಾಲಿನ ಭಾಮಿನಿ ಷಟ್ಪದಿ ಇನ್ನೂ ಮಜ. ಮೊದಲ ಸಾಲು 3+4+3+4, ಅಂದರೆ 14. ಉಳಿಯುವ ಎರಡು ಚೌಕದಲ್ಲಿ ಉಸಿರು ಎಳೆದುಕೊಳ್ಳಬಹುದು. ಮೂರನೇ ಸಾಲು 23 ಮಾತ್ರೆಗೆ ಚೆಲ್ಲಿಕೊಂಡು ಮುಂದಿನ ಬಾರ್‌ಗೆ ನುಗ್ಗುತ್ತದೆ, ಅಲ್ಲಿ ಎಚ್ಚರ ತಪ್ಪಿದರೆ ಉಸಿರು ಕಟ್ಟುತ್ತದೆ.

ಪ್ರಾಸದ ವಿಷಯಕ್ಕೆ ಬರುತ್ತೇನೆ. ನಮ್ಮ ಹಳೇ ಕವಿಗಳು ಸಾಲಿನ ಕೊನೆಗಿಂತ ಮೊದಲಿಗೆ ಜಾಸ್ತಿ ಬೆಲೆ ಕೊಟ್ಟರು. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು, ಅದು ಮುಖ್ಯ ನಿಯಮ. ನಾನು ಬರೆದ ನಾಲ್ಕು ಬಾರ್ ನೋಡಿ:

ಹತ್ತಿದ ಬಸ್ಸಲಿ ಕಾಲಿಡಲಾಗದು
ಕುತ್ತಿಗೆ ಮೇಲ್ಗಡೆ ಯಾರದೊ ಚೀಲವು
ಹೊತ್ತಿಗೆ ಸರಿಯಾಗ್ ಹೊರಡದ ಗಾಡಿಲಿ
ಮತ್ತೂ ಹತ್ತಿಸಿ ರೈಟ್ ರೈಟ್ ಅಂದರು

ದೊಡ್ಡ ಕವಿತೆ ಏನಲ್ಲ, ಬೆಳಗ್ಗೆ ಎಂಟೂವರೆಯ ಬಸ್ಸು. ಆದರೆ ಕೊನೆಯಲ್ಲಿ ಪ್ರಾಸವೇ ಇಲ್ಲ, ಗಮನಿಸಿ. ಆ ತ್ತಕಾರ ಬೀಳೋದು ಕಿಕ್ ಡ್ರಮ್ಮಿನ ದಪ್ಪ ಪೆಟ್ಟು ಬೀಳುವ ಜಾಗದಲ್ಲಿ, ಬಾರ್ ಶುರುವಾಗುವ ಕಡೆ. ಸಾಮಾನ್ಯವಾಗಿ ರ‍್ಯಾಪ್‌ನಲ್ಲಿ ಪ್ರಾಸ ಬಾರಿನ ಕೊನೆಗೆ, ನಾಲ್ಕನೇ ಪೆಟ್ಟಿನ ಸ್ನೇರ್ ಡ್ರಮ್ ಜೊತೆ ಬೀಳುತ್ತದೆ. ಇದು ಸಾಲಿನ ಮೊದಲಿನಿಂದ ತಳ್ಳುತ್ತದೆ, ಅದು ಕೊನೆಯಿಂದ ಎಳೆಯುತ್ತದೆ. ಎರಡನ್ನೂ ಬೆರೆಸಿ ಬರೆಯಬಹುದು, ಹಳೇ ಕವಿ ಹರಿಹರನ ರಗಳೆಗಳಲ್ಲಿ ಎರಡೂ ಪ್ರಾಸ ಸಿಗುತ್ತವೆ. ಅಂದ ಹಾಗೆ ಹರಿಹರ ಇಲ್ಲೇ ಹಳೇಬೀಡಿನಲ್ಲಿ, ಹೊಯ್ಸಳರ ಆಸ್ಥಾನದಲ್ಲಿ ಲೆಕ್ಕ ಬರೆಯುತ್ತಿದ್ದ, ಆ ಕೆಲಸ ಬಿಟ್ಟು ಹಂಪೆಗೆ ಹೋದ ಅಂತ ಕಥೆ ಇದೆ. ನಾನಿನ್ನೂ ಬಿಟ್ಟಿಲ್ಲ. ಮನೆ ಬಾಡಿಗೆ ಇದೆ.

ಉಸಿರಿನ ಪಾಠ ಕಲಿತಿದ್ದು ಎಪಿಎಂಸಿ ಯಾರ್ಡಿನಲ್ಲಿ. ಹರಾಜು ಕೂಗುವವರನ್ನು ನಿಂತು ಕೇಳಿದ್ದೀರಾ? ಬೆಲೆ, ಮೂಟೆ, ಹೆಸರು, ಮತ್ತೆ ಬೆಲೆ, ನಡುವೆ ಯಾರಿಗೋ ಒಂದು ಬೈಗುಳ, ಎಲ್ಲ ಒಂದೇ ಉಸಿರಿನಲ್ಲಿ. ಉಸಿರು ತೆಗೆದುಕೊಳ್ಳೋದು ಮಾತ್ರ ಕೇಳಿಸೋದೇ ಇಲ್ಲ, ಯಾಕೆಂದರೆ ಅವರು ಅದನ್ನು ಅಂಕಿಯ ಹಿಂದೆ ಬಚ್ಚಿಡುತ್ತಾರೆ. ಇದನ್ನು ಯೂಟ್ಯೂಬ್ ಪಾಠಗಳಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿಲ್ಲ. ಲಾರಿ ಹಿಂದಿನ ಬರಹ ಬರೆದಿಟ್ಟುಕೊಳ್ಳೋದು, ಹಳೇ ಹರಿಕಥೆ ಕ್ಯಾಸೆಟ್ ಹುಡುಕೋದು, ಇವು ಬೇರೆ ಹುಚ್ಚುಗಳು. ಅವುಗಳ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ.

ಹಿಪ್ ಹಾಪ್ ನಮ್ಮದಲ್ಲ ಅನ್ನುವ ಮಾತು ಆಗಾಗ ಬರುತ್ತದೆ. ಹುಟ್ಟಿದ್ದು ನಮ್ಮಲ್ಲಿ ಅಲ್ಲ, ಒಪ್ಪಿದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ತಂಗಿಯ ಪಾರ್ಟಿಗೆ ಹಾಡು ಹಾಕಿದ್ದನ್ನೇ ಎಲ್ಲರೂ ಶುರು ಅಂತ ಎಣಿಸುತ್ತಾರೆ. ಹಾಡಿನಲ್ಲಿ ಬರೀ ಡ್ರಮ್ ಬರುವ ತುಣುಕಿಗೆ ಜನ ಜಾಸ್ತಿ ಕುಣಿಯೋದನ್ನು ಅವರು ಗಮನಿಸಿದ್ದರು. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನೇ ಉದ್ದ ಎಳೆದರು. ನಮ್ಮ ಊರ ಜಾತ್ರೆಯಲ್ಲಿ ತಮಟೆಯವರು ಮಾಡೋದು ಇದನ್ನೇ ಅಲ್ವಾ? ಕುಣಿಯುವವರಿಗೆ ಕಾವು ಏರಿದ ಕೂಡಲೇ ಆ ಪೆಟ್ಟನ್ನು ಬಿಡೋದೇ ಇಲ್ಲ, ದೇವರ ಅಡ್ಡೆ ಹೊತ್ತವರು ಸುಸ್ತಾದರೂ ಬಿಡಲ್ಲ. ಯಾರಿಂದ ಯಾರೂ ಕದ್ದಿಲ್ಲ. ಕುಣಿಯುವ ಕಾಲನ್ನು ನೋಡಿ ಬಾರಿಸುವವರಿಗೆ ಎಲ್ಲ ಕಡೆ ಒಂದೇ ಬುದ್ಧಿ ಬರುತ್ತದೆ.

ತಮಟೆ ಸ್ಯಾಂಪಲ್ ಮಾಡುವಾಗ, ಅಂದರೆ ಬೀಟಿಗೆ ಬಳಸಲು ಅದರ ಸದ್ದು ಹಿಡಿಯುವಾಗ, ಫೋನನ್ನು ಹತ್ತಿರ ಹಿಡಿಯಬೇಡಿ, ಸದ್ದು ಒಡೆದುಹೋಗುತ್ತದೆ. ಸ್ವಲ್ಪ ದೂರ ನಿಲ್ಲಿ. ಚರ್ಮವನ್ನು ಬೆಂಕಿಗೆ ಕಾಯಿಸಿದ ಕೂಡಲೇ ಬರುವ ಸದ್ದು ಬೇರೆ, ಅರ್ಧ ಗಂಟೆ ಆದ ಮೇಲಿನ ಸದ್ದು ಬೇರೆ, ನನಗೆ ಮೊದಲನೆಯದೇ ಬೇಕು. ಇನ್ನೊಂದು ವಿಷಯ, ಬಾರಿಸಿದವರಿಗೆ ದುಡ್ಡು ಕೊಡಿ. ‘ಜಾನಪದ ಅಲ್ವಾ, ಯಾರದ್ದೂ ಅಲ್ಲ’ ಅಂತ ಸುಮ್ನೆ ಎತ್ತಿಕೊಂಡು ಹೋಗುವವರನ್ನು ಕಂಡರೆ ನನಗೆ ಆಗಲ್ಲ. ಹಾಡು ಯಾರದ್ದೂ ಅಲ್ಲದಿರಬಹುದು, ಬಾರಿಸಿದ ಕೈ ಒಬ್ಬರದ್ದೇ.

ನನ್ನ ಸ್ಟುಡಿಯೋ ಅಂದರೆ ಬೀರುವಿನ ಬಾಗಿಲು ತೆಗೆದು, ಅದಕ್ಕೆ ಕಂಬಳಿ ಇಳಿಬಿಟ್ಟು, ಬಟ್ಟೆಗಳ ಕಡೆ ಮುಖ ಮಾಡಿ ನಿಲ್ಲುವುದು. ಮನೆಗೆ ಶೀಟಿನ ಮಾಡು. ಜೂನ್ ಬಂತೆಂದರೆ ರೆಕಾರ್ಡಿಂಗ್ ಬಂದ್, ಮಳೆಗಾಲವಿಡೀ ಬರೀ ಬರೆಯೋದು, ಮಿಕ್ಸ್ ಮಾಡೋದು. ಮಿಕ್ಸ್ ಮಾಡುವಾಗಲೂ ಊರು ನೆನಪಿಡಬೇಕು. ಇಲ್ಲಿ ನನ್ನ ಹಾಡು ಕೇಳುವವರು ಹೆಚ್ಚಿನವರು ಫೋನಿನ ಸ್ಪೀಕರಿನಲ್ಲೇ ಕೇಳುತ್ತಾರೆ, ಅದರಲ್ಲಿ 50 ಹರ್ಟ್ಸ್ ಬೇಸ್ ಬರುವುದೇ ಇಲ್ಲ. ಅದಕ್ಕೆ 808ರ ಬೇಸ್ ಸದ್ದನ್ನು ಸ್ವಲ್ಪ ಒರಟು ಮಾಡುತ್ತೇನೆ. ಒರಟಾದಾಗ 100, 150, 200 ಹರ್ಟ್ಸ್‌ನಲ್ಲಿ ಅದರ ಮೇಲಿನ ಸ್ವರಗಳು ಏಳುತ್ತವೆ, ಅವನ್ನು ಕೇಳಿದ ಕಿವಿ ಕೆಳಗಿನ ಬೇಸನ್ನು ತಾನೇ ತುಂಬಿಕೊಳ್ಳುತ್ತದೆ.

ದುಡ್ಡು? 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡಿಗೆ ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದಿದ್ದರೆ ಒಂದು ಪೈಸೆಯೂ ಇಲ್ಲ. ನನ್ನ ಹಾಡುಗಳಲ್ಲಿ ಹೆಚ್ಚಿನವು ಆ ಗೆರೆ ದಾಟಿಲ್ಲ. ಗಣಪತಿ ಪೆಂಡಾಲಿನಲ್ಲಿ ಹಾಡಿದರೆ ಕೈಗೆ ಏನಾದರೂ ಸಿಗುತ್ತದೆ, ಮಧ್ಯದಲ್ಲಿ ಯಾರಾದರೂ ಬಂದು ‘ಅಣ್ಣಾ, ಒಂದು ಅಪ್ಪು ಸಾಂಗ್’ ಅಂದೇ ಅನ್ನುತ್ತಾರೆ. ಹಾಡುತ್ತೇನೆ. ಅದರಲ್ಲಿ ಅವಮಾನ ಏನಿದೆ?

ಸದ್ಯ ಕೈಯಲ್ಲಿರುವ ಹಾಡು ಆಲೂಗಡ್ಡೆಯ ಮೇಲೆ. ನಗಬೇಡಿ. ಹಾಸನ ಅಂದರೆ ಆಲೂಗಡ್ಡೆ ಅನ್ನುವ ಕಾಲ ಇತ್ತು, ಅಂಗಮಾರಿ ರೋಗ ಬಂದು ಎಷ್ಟೋ ಹೊಲ ಈಗ ಮುಸುಕಿನ ಜೋಳ, ಶುಂಠಿಗೆ ತಿರುಗಿದೆ. ಬಿತ್ತನೆ ಗಡ್ಡೆ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ. ಇಷ್ಟು ಕಥೆ ಇರುವಾಗ ನಾನು ಯಾಕೆ ಬಂದೂಕು, ಕಾರು ಅಂತ ಬರೆಯಲಿ? ಹಾಡು ಮೂರು ಮಾತ್ರೆಯ ನಡೆಯಲ್ಲಿದೆ. ‘ಆಲೂಗಡ್ಡೆ’ ಏಳು ಮಾತ್ರೆ, ಕೂರಲಿಲ್ಲ. ಅಮ್ಮ ಹೇಳುವ ಹಾಗೆ ‘ಆಲುಗಡ್ಡೆ’ ಅಂದೆ, ಮೂರು ಮೂರು, ಸರಿಯಾಗಿ ಕೂತಿತು. ‘ಅಂಗಮಾರಿ’ಯೂ ಮೂರು ಮೂರು. ‘ಜಲಂಧರ್’ ಮಾತ್ರ ಐದು ಮಾತ್ರೆ, ಎಲ್ಲಿ ಇಟ್ಟರೂ ಒಂದು ಚೌಕ ಖಾಲಿ ಉಳಿಯುತ್ತಿದೆ. ಯಾರಿಗಾದರೂ ಉಪಾಯ ಹೊಳೆದರೆ ಹೇಳಿ.