ಛೇದದ ಮೇಷ್ಟ್ರು

ಹಳೆಯ ವಿದ್ಯಾರ್ಥಿಗಳು ಈ ಸಂಚಿಕೆಗೆ ಬರೆಯುವ ನೆನಪುಗಳಲ್ಲಿ ಸಾಮಾನ್ಯವಾಗಿ ಇಪ್ಪತ್ತರ ಹರೆಯ, ಹಾಸ್ಟೆಲ್ಲು, ಪರೀಕ್ಷೆಯ ಹಿಂದಿನ ರಾತ್ರಿ ಇದ್ದೇ ಇರುತ್ತವೆ. ನಮ್ಮ ತಂಡಕ್ಕೆ ಆ ಭಾಗ್ಯವಿರಲಿಲ್ಲ. ಅಂತಾರಾಷ್ಟ್ರೀಯ ಆರೋಗ್ಯದಲ್ಲಿ ವೃತ್ತಿಪರ ಡಾಕ್ಟರೇಟ್ ಮಾಡಲು ಬಂದ ನಾವೆಲ್ಲ ಆಗಲೇ ತಲೆ ನರೆಯತೊಡಗಿದವರು. ಆರೋಗ್ಯಾಧಿಕಾರಿಗಳಿದ್ದರು, ನರ್ಸಿಂಗ್ ಸೂಪರಿಂಟೆಂಡೆಂಟರಿದ್ದರು, ನಿರಾಶ್ರಿತರ ಶಿಬಿರ ನಡೆಸಿ ದಣಿದು ಬಂದವರಿದ್ದರು. ತಮ್ಮ ಕಚೇರಿಯಲ್ಲಿ ಹತ್ತಾರು ಜನರನ್ನು ಎದ್ದು ನಿಲ್ಲಿಸುತ್ತಿದ್ದ ಇವರೆಲ್ಲ ಬೆಂಚಿನ ಮೇಲೆ ಕೂತ ಕೆಲವೇ ವಾರಗಳಲ್ಲಿ ಹಿಂದಿನ ಸಾಲಿಗಾಗಿ ಜಗಳವಾಡತೊಡಗಿದರು.

ಪಿಎಚ್.ಡಿ.ಗೂ ಇದಕ್ಕೂ ಏನು ವ್ಯತ್ಯಾಸ ಎಂದು ಜನ ಈಗಲೂ ಕೇಳುತ್ತಾರೆ. ಪಿಎಚ್.ಡಿ. ಮಾಡುವವರು ಯಾರೂ ಕೇಳದ ಪ್ರಶ್ನೆಯನ್ನು ಹುಡುಕಿಕೊಂಡು ಹೋಗಬೇಕು. ನಮ್ಮ ಪ್ರಶ್ನೆಗಳು ನಮ್ಮ ಮೇಜಿನ ಮೇಲೆ ಕಡತಗಳಾಗಿ ಮೊದಲೇ ಬಿದ್ದಿದ್ದವು. ಅವನ್ನೇ ಹೊತ್ತು ತಂದು, ಶಾಸ್ತ್ರೋಕ್ತವಾಗಿ ಬಿಡಿಸಿ, ಮತ್ತೆ ಅದೇ ಮೇಜಿಗೆ ಒಯ್ಯಬೇಕು. ತರಗತಿಗಳು, ಒಂದು ಸಂಸ್ಥೆಯ ಒಳಗೆ ಕೂತು ಅದು ತೀರ್ಮಾನಗಳನ್ನು ಹೇಗೆ ತೆಗೆದುಕೊಳ್ಳುತ್ತದೆ ಎಂದು ನೋಡಿ ಬರೆಯುವ ವರದಿ, ಆಮೇಲೆ ಪ್ರಬಂಧ. ಪಠ್ಯಕ್ರಮದಲ್ಲಿ ಇನ್ನೂ ಏನೇನೋ ಇತ್ತು, ಮರೆತಿದೆ. ಪಾಠ ಹೇಳಿದ ಇಬ್ಬರನ್ನು ಮಾತ್ರ ಮರೆತಿಲ್ಲ. ಅವರಲ್ಲೊಬ್ಬರು ಈಚೆಗೆ ತೀರಿಕೊಂಡರು ಎಂಬ ಸುದ್ದಿ ಬಂದ ಮೇಲೆ, ಎರಡು ಸಲ ಸಂಪಾದಕರಿಗೆ ಚಕ್ಕರ್ ಕೊಟ್ಟಿದ್ದ ನಾನು ಈ ಬರಹಕ್ಕೆ ಕೂತಿದ್ದೇನೆ.

ಅವರು ಎಪಿಡೆಮಿಯಾಲಜಿ, ಅಂದರೆ ರೋಗ ಯಾರಲ್ಲಿ, ಎಲ್ಲಿ, ಏಕೆ ಹರಡುತ್ತದೆ ಎಂಬ ಶಾಸ್ತ್ರ, ಹೇಳುತ್ತಿದ್ದವರು. ನಾವು ಇಟ್ಟ ಹೆಸರು ಛೇದದ ಮೇಷ್ಟ್ರು, ಛೇದ ಎಂದರೆ ಭಿನ್ನರಾಶಿಯಲ್ಲಿ ಗೆರೆಯ ಕೆಳಗಿನ ಸಂಖ್ಯೆ. ತರಗತಿಗೆ ಬಂದವರೇ ಬೋರ್ಡಿನ ನಡುವೆ ಒಂದು ಅಡ್ಡಗೆರೆ ಎಳೆಯುತ್ತಿದ್ದರು. ಗೆರೆಯ ಮೇಲೆ ಏನೂ ಬರೆಯುತ್ತಿರಲಿಲ್ಲ. ಸೀಮೆಸುಣ್ಣದ ತುದಿಯಿಂದ ಗೆರೆಯ ಕೆಳಗೆ ಟಕಟಕ ಕುಟ್ಟಿ, ‘ಮೇಲಿನದನ್ನು ಯಾರು ಬೇಕಾದರೂ ತರುತ್ತಾರೆ. ಕೆಳಗೆ ಯಾರಿದ್ದಾರೆ ಹೇಳಿ’ ಎಂದು ನಮ್ಮ ಕಡೆ ತಿರುಗುತ್ತಿದ್ದರು. ನೂರು ಜನಕ್ಕೆ ಕಾಯಿಲೆ ಬಂತು ಎಂದರೆ ಅವರ ಮಟ್ಟಿಗೆ ಏನನ್ನೂ ಹೇಳಿದಂತಾಗಲಿಲ್ಲ. ಎಷ್ಟು ಜನರಲ್ಲಿ ನೂರು? ಆ ಎಷ್ಟು ಜನರನ್ನು ಎಣಿಸಿದವರು ಯಾರು? ಎಣಿಸುವವನು ಯಾರ ಮನೆಯ ಬಾಗಿಲನ್ನು ತಟ್ಟದೆ ಮುಂದೆ ಹೋದ?

ಸಿಡುಬಿನ ಕಥೆಯನ್ನು ಅವರು ಹೇಳುತ್ತಿದ್ದ ಬಗೆಯೂ ಹಾಗೇ. ಎಲ್ಲರೂ 1980ರ ಮೇ 8ರಂದು ಸಿಡುಬು ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಭೆ ಮಾಡಿದ ಘೋಷಣೆಯಿಂದ ಶುರುಮಾಡಿದರೆ ಇವರು ಸೊಮಾಲಿಯಾದ ಮೆರ್ಕಾ ಎಂಬ ಪಟ್ಟಣದ ಆಸ್ಪತ್ರೆಯಿಂದ ಶುರುಮಾಡುತ್ತಿದ್ದರು. ಅಲ್ಲಿ ಅಡುಗೆ ಮಾಡಿಕೊಂಡಿದ್ದ ಅಲಿ ಮಾವ್ ಮಾಲಿನ್ ಎಂಬ ಯುವಕ 1977ರಲ್ಲಿ ಸಿಡುಬು ತಗುಲಿದ್ದ ಇಬ್ಬರು ಮಕ್ಕಳಿದ್ದ ವಾಹನ ಹತ್ತಿ, ದಾರಿ ತೋರಿಸಲು ಕೆಲವೇ ನಿಮಿಷ ಜೊತೆಗೆ ಹೋದ. ನೈಸರ್ಗಿಕವಾಗಿ ಸಿಡುಬು ತಗುಲಿದ ಜಗತ್ತಿನ ಕೊನೆಯ ಮನುಷ್ಯ ಅವನೇ ಆದ. ಆಸ್ಪತ್ರೆಯ ನೌಕರ, ಆದರೂ ಲಸಿಕೆಯ ರಕ್ಷಣೆ ಇರಲಿಲ್ಲ. ಸೂಜಿ ನೋಯುತ್ತದೆಂದು ಹೆದರಿದ್ದೆ ಎಂದು ಮುಂದೆ ಅವನೇ ಹೇಳಿಕೊಂಡ. ‘ಕಾಡುಮೇಡುಗಳಲ್ಲೆಲ್ಲ ಹುಡುಕಿದರು. ತಪ್ಪಿಸಿಕೊಂಡವನು ಆಸ್ಪತ್ರೆಯ ಒಳಗೇ ಇದ್ದ’ ಎನ್ನುವಾಗ ಮೇಷ್ಟ್ರು ನಗುತ್ತಿರಲಿಲ್ಲ, ನಾವು ನಗುತ್ತಿದ್ದೆವು. ಮಾಲಿನ್ ಬದುಕಿಕೊಂಡ. ಮುಂದೆ ಪೋಲಿಯೊ ಲಸಿಕೆಗೆ ಹೆದರುವ ತಾಯಂದಿರ ಬಳಿ ಹೋಗಿ ತನ್ನ ಕಥೆಯನ್ನೇ ಹೇಳಿ ಮನವೊಲಿಸುತ್ತಿದ್ದ. 2013ರಲ್ಲಿ ಆ ಕೆಲಸದಲ್ಲಿದ್ದಾಗಲೇ ಮಲೇರಿಯಾದಿಂದ ತೀರಿಕೊಂಡ.

ಇನ್ನು ನಮ್ಮ ಪುಂಡಾಟ. ಮಧ್ಯಾಹ್ನ ಊಟವಾದ ಮೇಲೆ ಆರೋಗ್ಯ ಹಣಕಾಸಿನ ತರಗತಿ. ಅದನ್ನು ತೆಗೆದುಕೊಳ್ಳುತ್ತಿದ್ದ ಸಜ್ಜನರ ದನಿ ಒಂದೇ ಶ್ರುತಿಯಲ್ಲಿ ಹರಿಯುತ್ತಿತ್ತು. ಅದೇ ವಾರ ಮೇಷ್ಟ್ರು ಇಂಗ್ಲಿಷ್ ವೈದ್ಯ ಜಾನ್ ಸ್ನೋ ಕಥೆ ಹೇಳಿ ಮುಗಿಸಿದ್ದರು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಸುತ್ತ ಕಾಲರಾ ಸಾವುಗಳನ್ನು ಮನೆಮನೆಗೆ ಕಪ್ಪು ಗೆರೆಗಳಾಗಿ ನಕ್ಷೆಯ ಮೇಲೆ ಗುರುತಿಸಿದ್ದು, ರೋಗದ ಮೂಲವೆಂದು ಕಂಡ ನೀರಿನ ಪಂಪಿನ ಹಿಡಿಯನ್ನು ತೆಗೆಸಿದ್ದು. ನಮ್ಮಲ್ಲೊಬ್ಬಳು, ಈಗ ದೊಡ್ಡ ಹುದ್ದೆಯಲ್ಲಿದ್ದಾಳೆ, ಹೆಸರು ಹೇಳಿದರೆ ಬಿಡುವವಳಲ್ಲ, ತರಗತಿಯ ಆಸನಗಳ ನಕ್ಷೆ ಬರೆದಳು. ಯಾರು ತೂಕಡಿಸಿದರೂ ಅವರ ಆಸನದ ಮೇಲೊಂದು ಕಪ್ಪು ಗೆರೆ. ಗೆರೆಗಳು ಬೆಳೆದವು. ರೋಗದ ಮೂಲ ವೇದಿಕೆಯೇ ಎಂದು ತೀರ್ಮಾನಿಸಿ ನಾವು ಮೈಕನ್ನು ಬಿಚ್ಚಿ ಬೀರುವಿನಲ್ಲಿಟ್ಟೆವು. ಅದಿದ್ದ ಜಾಗದಲ್ಲಿ ‘ಪಂಪಿನ ಹಿಡಿ ತೆಗೆಯಲಾಗಿದೆ’ ಎಂಬ ಚೀಟಿ, ಪಕ್ಕದಲ್ಲೇ ನಕ್ಷೆ.

ಆ ಸಜ್ಜನರು ಓದಿ, ಮೈಕಿಲ್ಲದೆಯೇ ಪಾಠ ಮಾಡಿ ಹೋದರು. ಮರುದಿನ ನಕ್ಷೆ ಮೇಷ್ಟ್ರ ಕೈಯಲ್ಲಿತ್ತು. ಅಂಚಿನ ತುಂಬ ಕೆಂಪು ಪೆನ್ಸಿಲ್. ಎಚ್ಚರವಿದ್ದವರು ಎಷ್ಟು? ಖಾಲಿ ಕುರ್ಚಿಗಳನ್ನು ಬಿಟ್ಟಿದ್ದೀರಾ? ತೂಕಡಿಕೆ ಎಂದರೆ ಕಣ್ಣು ಮುಚ್ಚಿದ್ದೋ, ತಲೆ ವಾಲಿದ್ದೋ, ವ್ಯಾಖ್ಯೆ ಎಲ್ಲಿ? ಕೊನೆಯಲ್ಲಿ, ‘ಬೇರೆ ಪಂಪುಗಳ ನೀರು ಕುಡಿದವರನ್ನು ನೋಡದೆ ಈ ಪಂಪನ್ನು ದೂರಿದಿರಿ.’ ಮುಂದಿನ ವಾರ ತಾವೇ ಆ ಹಣಕಾಸಿನ ಮಾಸ್ತರರ ಜೊತೆ ಹೊತ್ತನ್ನು ಅದಲುಬದಲು ಮಾಡಿಕೊಂಡರು. ನಕ್ಷೆ ಮತ್ತೆ ಬರೆಯಬೇಕೆಂದು ಆಜ್ಞೆ. ಊಟವಾದ ಮೇಲೆ ನಮ್ಮ ಮೆಚ್ಚಿನ ಮೇಷ್ಟ್ರ ಮುಂದೆಯೂ ತಲೆಗಳು ಅಷ್ಟೇ ಸಲೀಸಾಗಿ ವಾಲಿದವು. ಹಣಕಾಸಿನವರ ಬೆಳಗಿನ ತರಗತಿಯಲ್ಲಿ ಎಲ್ಲರೂ ಎಚ್ಚರ. ತಪ್ಪು ದನಿಯದಲ್ಲ, ಹೊತ್ತಿನದು. ಕನ್‌ಫೌಂಡಿಂಗ್ (ಮರೆಯಲ್ಲಿರುವ ಬೇರೊಂದು ಕಾರಣ ನಮ್ಮನ್ನು ದಾರಿ ತಪ್ಪಿಸುವುದು) ಎಂಬುದರ ಮೇಲೆ ಆಮೇಲೆ ಪುಸ್ತಕಗಟ್ಟಲೆ ಓದಿದೆ, ತಲೆಗೆ ಹತ್ತಿದ್ದು ಅವತ್ತೇ. ಪಂಪಿನ ಹಿಡಿ ತೆಗೆಯುವ ಹೊತ್ತಿಗೆ ಕಾಲರಾ ತಾನಾಗಿಯೇ ಇಳಿಮುಖವಾಗಿತ್ತು, ಜನ ಆ ಬೀದಿಗಳನ್ನು ಬಿಟ್ಟು ಓಡಿದ್ದರು, ಇದನ್ನು ಸ್ನೋ ಅವರೇ ಒಪ್ಪಿಕೊಂಡಿದ್ದರು ಎಂಬುದನ್ನೂ ಮೇಷ್ಟ್ರು ಆ ನೆಪದಲ್ಲೇ ಹೇಳಿದರು.

ನನ್ನ ಪ್ರಬಂಧ ಮಕ್ಕಳ ಲಸಿಕೆಯ ಬಗ್ಗೆ. ನಾನು ದುಡಿಯುತ್ತಿದ್ದ ಕಚೇರಿಯ ವರದಿಗಳಲ್ಲಿ ಕೆಲವು ಪ್ರದೇಶಗಳ ಸಾಧನೆ ನೂರಕ್ಕೆ ನೂರನ್ನೂ ಮೀರಿತ್ತು, ಅದಕ್ಕೆ ಪ್ರಶಸ್ತಿಪತ್ರಗಳೂ ಸಂದಿದ್ದವು. ಮೇಷ್ಟ್ರು ಆ ಅಂಕಣದ ಮೇಲೆ ಪೆನ್ಸಿಲ್ ಇಟ್ಟು, ‘ಹುಟ್ಟಿದ ಮಕ್ಕಳಿಗಿಂತ ಹೆಚ್ಚು ಮಕ್ಕಳಿಗೆ ಕೊಟ್ಟಿದ್ದೀರಲ್ಲ, ಹೇಗೆ?’ ಎಂದರು. ಹೇಗೆಂದರೆ, ಗೆರೆಯ ಕೆಳಗೆ ಹಳೆಯ ಜನಗಣತಿಯಿಂದ ಅಂದಾಜಿಸಿದ ಸಂಖ್ಯೆ, ಮೇಲೆ ಪಕ್ಕದ ಊರುಗಳಿಂದ ಬಂದು ಚುಚ್ಚಿಸಿಕೊಂಡವರೂ ಸೇರಿದ ಲೆಕ್ಕ. ಕೆಲಸ ಅರಸಿ ವಲಸೆ ಬಂದವರ ಮಕ್ಕಳು ಎರಡರಲ್ಲೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ವಿಧಾನವನ್ನೇ ಹಿಡಿದು ಮೂವತ್ತು ಕಡೆ, ಒಂದೊಂದು ಕಡೆ ಏಳು ಮಕ್ಕಳ ಮನೆಗಳ ಬಾಗಿಲು ತಟ್ಟಿಸಿದೆ. ಏನು ಸಿಕ್ಕಿತು ಎಂಬುದು ಪ್ರಬಂಧದಲ್ಲಿದೆ, ಗ್ರಂಥಾಲಯದಲ್ಲಿ ಧೂಳು ಕೊಡವಿ ಓದಬಹುದು. ಕಚೇರಿಯಲ್ಲಿ ನನ್ನ ಮೇಲೆ ಕೆಲವರು ಮುನಿಸಿಕೊಂಡರು. ಆದರೆ ವಲಸೆಯ ಮಕ್ಕಳಿಗೊಂದು ಅಂಕಣ ಸೇರಿಸಿ ನಾನು ರೂಪಿಸಿದ ನಮೂನೆಯನ್ನೇ ಅಲ್ಲಿ ಈಗಲೂ ಬಳಸುತ್ತಾರೆ. ಹೆಮ್ಮೆಯಿಂದಲೇ ಹೇಳುತ್ತೇನೆ.

ಎರಡನೆಯವರು ಆರೋಗ್ಯ ನೀತಿಯ ಪಾಠ ಹೇಳುತ್ತಿದ್ದ ಮೇಡಂ. ಅವರದು ಒಂದೇ ಹಟ, ಮಂತ್ರಿಗೆ ಒಂದೇ ಪುಟ. ಹತ್ತು ಪುಟ ಕೊಟ್ಟವರ ಎದುರಿಗೇ ಒಂಬತ್ತನ್ನು ಬೇರ್ಪಡಿಸಿ ವಾಪಸು ಕೊಡುತ್ತಿದ್ದರು. ನಿಮ್ಮ ಪದವಿ ಏಕೆ ಬೇಕು ಎಂದು ಯಾರಾದರೂ ಕೇಳಿದರೆ 1971ನ್ನು ಹೇಳಿ ಅನ್ನುತ್ತಿದ್ದರು. ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿಯುತ್ತ ಬಂದಿತ್ತು. ಸಕ್ಕರೆ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆ ಎಂಬುದು ವಿಜ್ಞಾನಿಗಳಿಗೆ ಗೊತ್ತಿತ್ತು. ಆದರೆ ಅಂಥ ಗದ್ದಲದಲ್ಲಿ, ವೈದ್ಯರಿಲ್ಲದೆ, ಮನೆಯವರ ಕೈಗೇ ಕೊಟ್ಟು ಕುಡಿಸಲು ತೀರ್ಮಾನಿಸುವ ಧೈರ್ಯ ಬೇಕಿತ್ತು. ಅಲ್ಲಿದ್ದ ವೈದ್ಯ ದಿಲೀಪ್ ಮಹಲನಬೀಸ್ ಅದನ್ನು ಮಾಡಿದರು. ದ್ರಾವಣ ತುಂಬಿದ ಪೀಪಾಯಿಗಳಿಂದ ಬಂಧುಗಳೇ ಲೋಟಗಳಲ್ಲಿ ಹಿಡಿದು ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ‘ಗೊತ್ತಿರುವುದನ್ನು ಮಾಡಿಸುವವರು ಬೇಕು, ಅದಕ್ಕೇ ನೀವು ಇಲ್ಲಿರುವುದು’ ಎಂದು ಮೇಡಂ ಪುಟ ಹರಿದು ಕೊಡುತ್ತಿದ್ದರು.

ಈಗಿನ ತಂಡದವರ ಜೊತೆ ಪುನರ್ಮಿಲನದ ದಿನ ಮಾತಾಡಿದೆ. ಚುರುಕಾಗಿದ್ದಾರೆ. ಪಾಠಗಳೆಲ್ಲ ರೆಕಾರ್ಡು, ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾರಂತೆ. ರಾತ್ರಿ ಪಾಳಿಯ ನರ್ಸ್ ಕೂಡ ಕೆಲಸ ಬಿಡದೆ ಓದಬಹುದು ಎಂಬುದು ಒಳ್ಳೆಯದೇ, ನಮ್ಮ ಕಾಲದಲ್ಲಿ ಅಂಥವರು ಬರಲಾಗುತ್ತಿರಲಿಲ್ಲ. ಆದರೆ ತೂಕಡಿಸಿದರೆ ನಕ್ಷೆ ಬರೆಯುವವರು ಪಕ್ಕದಲ್ಲಿಲ್ಲ. ಬಹಳ ಮಂದಿಯ ಪ್ರಬಂಧಕ್ಕೆ ಬೇರೆಯವರು ಸಂಗ್ರಹಿಸಿದ ದತ್ತಾಂಶವೇ ಬಂಡವಾಳ. 1984ರಿಂದ ತೊಂಬತ್ತು ದೇಶಗಳಲ್ಲಿ ಮನೆಮನೆ ಸಮೀಕ್ಷೆಗೆ ನೆರವಾಗಿದ್ದ ಡಿಎಚ್ಎಸ್ (ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ) ಕಾರ್ಯಕ್ರಮ 2025ರ ಆರಂಭದಲ್ಲಿ ಅಮೆರಿಕದ ಹಣ ನಿಂತು ತಟ್ಟನೆ ಸ್ಥಗಿತವಾದಾಗ ಇವರಲ್ಲಿ ಕೆಲವರು ವಿಷಯವನ್ನೇ ಬದಲಿಸಬೇಕಾಯಿತಂತೆ. ಬಾಗಿಲು ತಟ್ಟಿ ಬನ್ನಿ ಎಂದೆ. ಎಥಿಕ್ಸ್ ಸಮಿತಿಯ ಅನುಮತಿಗೇ ವರ್ಷ ಹಿಡಿಯುತ್ತದೆ ಸರ್, ಎಂದರು. ಅದೂ ನಿಜವಿರಬಹುದು.

ಮೇಷ್ಟ್ರ ಹೆಸರಿನಲ್ಲಿ ನಮ್ಮ ತಂಡ ಒಂದು ಬಹುಮಾನಕ್ಕೆ ಹಣ ಕೂಡಿಸಿದೆ. ಹೆಚ್ಚು ಲೇಖನ ಪ್ರಕಟಿಸಿದವರಿಗೆ ಕೊಡೋಣ ಎಂದು ವಿಭಾಗದವರ ಇರಾದೆ. ಪ್ರಬಂಧ ಮುಗಿದ ಎರಡು ವರ್ಷಕ್ಕೆ ಅವರವರ ಕಚೇರಿಗೆ ಹೋಗಿ, ಅಲ್ಲಿ ಏನು ಬದಲಾಗಿದೆ ಎಂದು ನೋಡಿ ಕೊಡಬೇಕೆಂದು ನಾನು ಪಟ್ಟು ಹಿಡಿದು ಒಂದು ಪುಟದ ಪತ್ರ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಸಂಚಿಕೆ ಅಚ್ಚಿಗೆ ಹೋಗುವಷ್ಟರಲ್ಲಿ ಬಂದರೆ ಸಂಪಾದಕರು ಇದರ ಕೆಳಗೇ ಹಾಕಿಕೊಳ್ಳಬಹುದು, ನನ್ನ ಅಭ್ಯಂತರವಿಲ್ಲ.