ನಾಲ್ಕು ಇಂಚು

ನಮ್ಮ ಶೆಡ್ಡಿನ ಹಿಂದಿನ ಗೋಡೆಗೆ ಬಗ್ಗಿಸಿದ ಪೈಪೊಂದು ಒರಗಿಕೊಂಡಿದೆ. ಹುಡುಗರು ಅದರ ಮೇಲೆ ಬನಿಯನ್ ಒಣಗಿಸುತ್ತಾರೆ. 45 ಎಂಎಂ ಹೊರ ಅಳತೆ, 2.5 ಎಂಎಂ ದಪ್ಪ, ಸಿಡಿಎಸ್ ಅಂದರೆ ಜೋಡಣೆ ಗೆರೆ ಇಲ್ಲದೆ ತಣ್ಣಗೆ ಎಳೆದ ಉಕ್ಕು, ಟಿಸಿ ಅಂದರೆ ಟೆಸ್ಟ್ ಸರ್ಟಿಫಿಕೇಟ್ ಸಮೇತ ತಂದದ್ದು. ಪುಣೆ ಪಕ್ಕದ ಈ ಇಡೀ ಭೋಸರಿಯಲ್ಲಿ ಇಷ್ಟು ದುಬಾರಿ ಪೈಪಿನ ಮೇಲೆ ಯಾರೂ ಬನಿಯನ್ ಒಣಗಿಸಲಿಕ್ಕಿಲ್ಲ. ಹಾಳು ಮಾಡಿದವನು ನಾನೇ.

ಆ ಪೈಪು ಕೂರಬೇಕಿದ್ದ ಕಾರು ಧಾರವಾಡ ಕಡೆಯ ಒಬ್ಬ ಸಾಹೇಬರದ್ದು. ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ರಜೆಯಲ್ಲಿ ಅಪಾರ್ಟ್‌ಮೆಂಟಿನ ಪಾರ್ಕಿಂಗಲ್ಲಿ ಕಾರು ಕಟ್ಟುವ ಹುಚ್ಚು. ಒಂದಿಂಚಿನ ಚೌಕ ಪೈಪಿನ ಫ್ರೇಮ್, ಹಳೆ ಮಾರುತಿ ಇಂಜಿನ್, ಎರಡು ಸೀಟು, ಮೇಲೆ ಏನೂ ಇಲ್ಲ. ಲಾರಿಯಲ್ಲಿ ಹೇರಿಕೊಂಡು ಕೊಯಮತ್ತೂರಿನ ಟ್ರ್ಯಾಕಿಗೆ ಒಯ್ಯಬೇಕು ಅಂತ ಅವರ ಆಸೆ. ಅಲ್ಲಿ ಪಲ್ಟಿ ಹೊಡೆದರೆ ತಲೆ ಉಳಿಸುವುದು ರೋಲ್ ಬಾರ್ ಒಂದೇ, ಅಂದರೆ ಸೀಟಿನ ಹಿಂದೆ ತಲೆಗಿಂತ ಎತ್ತರ ನಿಲ್ಲುವ ಪೈಪಿನ ಕಮಾನು.

ಎಫ್‌ಐಎ ಅಂದರೆ ಕಾರು ರೇಸಿನ ಅಂತಾರಾಷ್ಟ್ರೀಯ ಸಂಸ್ಥೆ, ಅದರ ನಿಯಮದ ಪ್ರಿಂಟ್ ಅವರೇ ತಂದಿದ್ದರು. ಹೂಪ್, ಅಂದರೆ ಆ ಕಮಾನು, ಜಾಯಿಂಟ್ ಇಲ್ಲದ ಒಂದೇ ಪೈಪಿನದಾಗಿರಬೇಕು, ಬುಡಕ್ಕೆ 3 ಎಂಎಂ ಪ್ಲೇಟ್, ಬೋಲ್ಟ್ ಹಾಕುವುದಾದರೆ 8.8 ಗ್ರೇಡಿನ ಎಂ8. ನಾನು ಓದಲೇ ಇಲ್ಲ. ಪ್ರತಿ ವರ್ಷ ಕಾಲೇಜು ಹುಡುಗರ ಬಾಹಾ ಸ್ಪರ್ಧೆಯ ಗಾಡಿಗೆ ಕೇಜ್, ಅಂದರೆ ಪೈಪಿನ ಪಂಜರ, ಮಾಡಿಕೊಡುವವನು ನಾನು, ನನಗೇನು ಹೇಳೋದು ಅಂತ.

ಅಳತೆ ತಗೊಂಡದ್ದು ಬುಧವಾರ. ಗುರುವಾರ ಬೆಂಡಿಂಗ್‌ನವನಿಗೆ ರಜೆ. ಅದಕ್ಕೇ ಮಾಲೀಕ ಶೇಠ್‌ದು ಬೆಳಿಗ್ಗೆಯಿಂದ ಒಂದೇ ಮಂತ್ರ: "ಆಜ್‌ಚ್ ಪಾಹಿಜೆ." ಇವತ್ತೇ ಬೇಕು ಅಂತ. ಸೀಟ್ ಇನ್ನೂ ಬಂದಿರಲಿಲ್ಲ. ಸಾಹೇಬರನ್ನು ಬರೀ ತಗಡಿನ ಮೇಲೆ ಕೂರಿಸಿದೆ. ತಗಡಿನಿಂದ ನೆತ್ತಿಗೆ 890 ಎಂಎಂ. ಅದರ ಮೇಲೆ 50 ಬಿಟ್ಟು 940 ಅಂತ ಬರೆದುಕೊಂಡೆ.

ವಿಜಯಪುರದ ಹೆಲ್ಪರ್ ಹುಡುಗ ಅಂದ: "ಅಣ್ಣಾ, ಸೀಟ್ ಬರಲಿ ತಡಿ, ಆಮ್ಯಾಲ ಅಳತಿ ತಗೊಳ್ಳೋಣು."

"ನೀ ಸುಮ್ನ ಟೇಪ್ ಹಿಡಿ," ಅಂದೆ.

ಶನಿವಾರ ಸೀಟ್ ಬಂತು. ಹೂಪ್ ಟ್ಯಾಕ್ ಮಾಡಿ, ಅಂದರೆ ಅಲ್ಲಲ್ಲಿ ಚುಕ್ಕೆ ವೆಲ್ಡ್ ಹಾಕಿ ನಿಲ್ಲಿಸಿದ್ದೆ, ಅದಕ್ಕೆ ಹಿಂದಿನಿಂದ ಆಸರೆ ಕೊಡುವ ಬ್ಯಾಕ್‌ಸ್ಟೇ ಪೈಪುಗಳು ಅಳತೆಗೆ ಕಟ್ ಆಗಿದ್ದವು. ಸಾಹೇಬರು ಸೀಟಲ್ಲಿ ಕೂತು, ಬೆಲ್ಟ್ ಬಿಗಿದು, ಹೆಲ್ಮೆಟ್ ಹಾಕಿಕೊಂಡರು. ಹೂಪಿನ ತುದಿಯಿಂದ ಮುಂದಿನ ಕೌಲ್‌ಗೆ, ಅಂದರೆ ಡ್ಯಾಶ್‌ಬೋರ್ಡಿನ ಮೇಲಿನ ಅಂಚಿಗೆ, ನೇರವಾದ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡೋದು ವಾಡಿಕೆ. ಹೆಲ್ಮೆಟ್ ಅದಕ್ಕಿಂತ 50 ಎಂಎಂ ಆದರೂ ಕೆಳಗಿರಬೇಕು. ಪಟ್ಟಿ ಹೂಪಿಗೆ ತಾಗಲೇ ಇಲ್ಲ. ಹೆಲ್ಮೆಟ್ ಮೇಲೆ ಕೂತು ಏತದ ಥರ ಮೇಲೆ ಕೆಳಗೆ ಆಡಿತು.

"ಆತೇನ್ರೀ?" ಹೆಲ್ಮೆಟ್ ಒಳಗಿಂದ ಸಾಹೇಬರು.

"ಒಂದ್ ನಿಮಿಷ ಸರ್, ಸ್ವಲ್ಪ ಕೆಳಗ ಸರೀರಿ."

ಪಾಪ, ಸರಿದರು. ಮೊಣಕಾಲು ಸ್ಟೇರಿಂಗಿಗೆ ಬಡಿಯಿತು. ನಾನು ಪಟ್ಟಿ ತಿರುಗಿಸಿಟ್ಟೆ, ಇನ್ನೊಂದು ಪಟ್ಟಿ ತರಿಸಿದೆ. ಪಟ್ಟಿಯೇ ಡೊಂಕು ಇರಬಹುದು ಅಂತ! ಹೆಲ್ಪರ್ ನನ್ನ ಮುಖ ನೋಡದೆ ನೆಲ ನೋಡುತ್ತಿದ್ದ.

ಕೊನೆಗೆ ಸುಣ್ಣದ ಕಡ್ಡಿಯಲ್ಲಿ ನೆಲದ ಮೇಲೆ ಲೆಕ್ಕ ಹಾಕಿದೆ. ತಲೆ 890, ಅದುಮಿದ ಫೋಮ್ ಸೇರಿ ಸೀಟ್ 60, ಹೆಲ್ಮೆಟ್ 40. ಒಟ್ಟು 990. ಬೇಕಾಗಿದ್ದು 1040, ನಿಂತಿದ್ದು 940. ನಾಲ್ಕು ಇಂಚು ಗಿಡ್ಡ. ಪಲ್ಟಿಯಾದರೆ ನೆಲಕ್ಕೆ ಮೊದಲು ತಾಗುವುದು ಸಾಹೇಬರ ತಲೆ, ಆಮೇಲೆ ನನ್ನ ಪೈಪು.

ಶೇಠ್ ಬಂದು ನೋಡಿ, ಎರಡೂ ಕಾಲಿಗೆ ನಾಲ್ಕು ಇಂಚು ತುಂಡು ಸೇರಿಸು, ಜಾಯಿಂಟಿನ ಒಳಗೆ ಸ್ಲೀವ್ ಅಂತ ಸಣ್ಣ ಪೈಪಿನ ತುಂಡು ಹಾಕು, ಗ್ರೈಂಡ್ ಮಾಡಿ ಪೌಡರ್ ಕೋಟಿಂಗ್‌ಗೆ ಕಳಿಸು, ಯಾರಿಗೆ ಗೊತ್ತಾಗುತ್ತೆ ಅಂದರು. ಸುಳ್ಳು ಹೇಳಲ್ಲ, ಕಟ್ ಮಾಡುವ ಕಡೆ ಗುರುತು ಹಾಕಿಯೂ ಬಿಟ್ಟೆ. ಆದರೆ ಹೋದ ವರ್ಷ ಕಾಲೇಜು ಹುಡುಗರು ಇದನ್ನೇ ಕೇಳಿದಾಗ, ಹೂಪಿಗೆ ಜಾಯಿಂಟ್ ಹಾಕುವವರು ಗಾಡಿ ಕಟ್ಟಲೇಬಾರದು ಅಂತ ಅರ್ಧ ಗಂಟೆ ಭಾಷಣ ಬಿಗಿದಿದ್ದೆ. ಆ ಭಾಷಣ ಕೇಳಿದ ಹೆಲ್ಪರ್ ಗ್ರೈಂಡರ್ ಹಿಡಿದು ಪಕ್ಕದಲ್ಲೇ ನಿಂತಿದ್ದ. ಟ್ಯಾಕ್ ಒಡೆಸಿದೆ.

ಹೊಸ ಪೈಪಿನ ದುಡ್ಡು ಎರಡು ತಿಂಗಳ ಪಗಾರದಲ್ಲಿ ಮುರಿದರು. "ಆಜ್‌ಚ್ ಪಾಹಿಜೆ" ಅಂದದ್ದಕ್ಕೆ ಯಾರ ಪಗಾರವೂ ಮುರಿಯಲಿಲ್ಲ, ಅದು ಬೇರೆ ಮಾತು. ನಮ್ಮ ಜಾಬ್ ಕಾರ್ಡಿನಲ್ಲಿ ಪೇಂಟಿನ ಬಣ್ಣಕ್ಕೂ ಒಂದು ಕಾಲಂ ಇದೆ, ಸೀಟಿಗಿಲ್ಲ. ಈಗ ನಾನೇ ಪೆನ್ನಲ್ಲಿ "ಸೀಟ್, ಹೆಲ್ಮೆಟ್" ಅಂತ ಬರೆದುಕೊಳ್ಳುತ್ತೇನೆ.

ಎರಡನೇ ಹೂಪಿಗೆ ಪಟ್ಟಿ ಸರಿಯಾಗಿ ಕೂತಿತು. ಹೆಲ್ಮೆಟ್ ಮೇಲೆ ಹುಡುಗನ ಮೂರು ಬೆರಳು ಆರಾಮಾಗಿ ತೂರಿದವು. ಆದರೆ ಅವನ ಕಾಟ ಮಾತ್ರ ನಿಂತಿಲ್ಲ. ಮೊನ್ನೆ ಒಂದು ಸೊಸೈಟಿಯ ಗೇಟಿಗೆ ಅಳತೆ ತಗೊಳ್ಳಲು ಹೋದಾಗಲೂ ಟೇಪ್ ಬಿಚ್ಚುವ ಮೊದಲು ಕೇಳಿದ: "ಅಣ್ಣಾ, ಸೀಟ್ ಬಂದೈತೇನು?"